ಅಲೆಕ್ಸಾಂಡ್ರಿಯದ ಹಾಳುಗಳ ನಡುವೆ

(ಊರ ವಾಚನಾಲಯದ ವಾರ್ಷಿಕ ಸಭೆಯಲ್ಲಿ ನಾಗರಿಕರ ಹಾಗೂ ಶಿಕ್ಷಕರ ಮುಂದೆ ಮಾಡಿದ ವ್ಯಾಖ್ಯಾನ)



ದೂರದೇಶಕ್ಕೆ ಹೋಗಿ ಬಂದವನು ಎರಡು ಋಣಗಳನ್ನು ತೀರಿಸಬೇಕಾಗುವದು. ಮನೆಯವರಿಗೆ ತಂದುದನ್ನು ತೋರಿಸಬೇಕು. ಊರವರಿಗೆ ಕಂಡುದನ್ನು ಹೇಳಬೇಕು. ಮೊದಲನೆಯ ಋಣವು ಬಂದ ದಿವಸವೇ ತೀರಿಹೋಯಿತು. ಎರಡನೆಯದನ್ನು ತೀರಿಸಿಕೊಳ್ಳಲು ತಾವು ಇಂದು ಅನುಕೂಲ ಮಾಡಿಕೊಟ್ಟಿರುವಿರಿ; ಅದಕ್ಕಾಗಿ ನಾನು ತಮಗೆ ಕೃತಜ್ಞನು. ನಾನು ಇತಿಹಾಸದ ಪಂಡಿತನಲ್ಲ. ಪುರಾತತ್ತ್ವವನ್ನು ಕಲಿತವನೂ ಅಲ್ಲ. ಈಜಿಪ್ತ ದೇಶದ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಕೆಲವು ದಿವಸ ಇದ್ದು, ಅಲ್ಲಿಯ ಹಾಳುಗಳನ್ನು ಕಾಲ್ನಡೆಯಿಂದ ಸುತ್ತಿ ನೋಡಿದ ಒಬ್ಬ ಸಾಮಾನ್ಯ ಕನ್ನಡಿಗನು. ಆದಕಾರಣ ನನ್ನ ಮಾತಿನಲ್ಲಿ ಪಾಂಡಿತ್ಯವನ್ನು ಹುಡುಕದೆ, ಆ ಹಾಳುಗಳ ನಡುವೆ ತಿರುಗುವಾಗ ನನ್ನ ಬೆನ್ನು ಹತ್ತಿದ ಒಂದು ಪ್ರಶ್ನೆಯನ್ನು ಮಾತ್ರ ತಾವು ಗಮನಿಸಬೇಕೆಂದು ಬೇಡಿಕೊಳ್ಳುವೆನು. ಆ ಪ್ರಶ್ನೆ ಯಾವದೆಂದರೆ: ಒಂದು ಪಟ್ಟಣವು ಯಾರದು? ಅದಕ್ಕೆ ಹೆಸರಿಟ್ಟ ಅರಸನದೋ, ಅದರ ಕಲ್ಲು ಹೊತ್ತ ಜನರದೋ?

ಕ್ರಿ. ಪೂ. ೩೩೧ರಲ್ಲಿ ಮ್ಯಾಸಿಡೋನಿಯದ ಅಲೆಕ್ಸಾಂಡರನು ಆ ತೀರಕ್ಕೆ ಬಂದನು. ಮುಂದೆ ಭೂಮಧ್ಯ ಸಮುದ್ರ, ಹಿಂದೆ ಮರಿಯೂತ ಸರೋವರ, ನಡುವೆ ಉದ್ದವಾದೊಂದು ನೆಲದ ಪಟ್ಟಿ, ಎದುರಿಗೆ ಅಲೆಗಳನ್ನು ತಡೆಯಲು ಫಾರೋಸ್ ಎಂಬ ದ್ವೀಪ. ರೇವುಪಟ್ಟಣಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳವು ದೊರೆಯದೆಂದು ಅವನು ಕಂಡುಕೊಂಡನು. ಬೀದಿಗಳ ಗೆರೆ ಎಳೆಯಲು ಸುಣ್ಣವು ಸಿಕ್ಕದ್ದರಿಂದ ಜವೆಯ ಹಿಟ್ಟಿನಿಂದಲೇ ಗೆರೆ ಹಾಕಿದರಂತೆ. ಹಕ್ಕಿಗಳ ದೊಡ್ಡ ಹಿಂಡು ಬಂದು ಅದನ್ನೆಲ್ಲ ತಿಂದುಬಿಟ್ಟಿತಂತೆ. ಅರಸನು ಅಪಶಕುನವೆಂದು ಕಳವಳಗೊಳ್ಳಲು, ಈ ಪಟ್ಟಣವು ನಾನಾ ದೇಶದ ಜನರಿಗೆ ಅನ್ನವಿಕ್ಕುವದೆಂದು ಶಕುನ ಬಲ್ಲವರು ಸಮಾಧಾನ ಹೇಳಿದರಂತೆ. ಪ್ಲುಟಾರ್ಕನು ಬರೆದಿಟ್ಟ ಕಥೆಯಿದು. ಅಲೆಕ್ಸಾಂಡರನು ಮಾತ್ರ ತನ್ನ ಪಟ್ಟಣವು ಪೂರ್ಣವಾದುದನ್ನು ಕಾಣಲಿಲ್ಲ. ಕ್ರಿ. ಪೂ. ೩೨೩ರಲ್ಲಿ ಬಾಬಿಲೋನಿನಲ್ಲಿ ತೀರಿಕೊಂಡನು. ಅವನ ದೇಹವನ್ನು ಇಲ್ಲಿಗೆ ತಂದು ಸಮಾಧಿ ಮಾಡಿದರೆಂದು ಪ್ರಾಚೀನರು ಹೇಳಿರುವರು. ಎಷ್ಟು ಹುಡುಕಿದರೂ ಆ ಸಮಾಧಿಯು ಇಂದಿನ ವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಅವನ ಸೇನಾನಿಯಾದ ಟಾಲೆಮಿಯು ಅಲ್ಲಿ ರಾಜವಂಶವನ್ನು ಸ್ಥಾಪಿಸಿದನು. ಆ ವಂಶದವರು ಕ್ರಿ. ಪೂ. ೩೦ರ ವರೆಗೆ, ಅಂದರೆ ಸುಮಾರು ಮುನ್ನೂರು ವರ್ಷ, ಈಜಿಪ್ತವನ್ನು ಆಳಿದರು.

ಆದರೆ ಮಹನೀಯರೇ, ಆ ತೀರವು ಅಲೆಕ್ಸಾಂಡರನು ಬಂದಾಗ ಬರಿದಾಗಿರಲಿಲ್ಲ. ರಕೋಟಿಸ್ ಎಂಬ ಈಜಿಪ್ತಿಯನ್ನರ ಊರೊಂದು ಅಲ್ಲಿ ಮೊದಲೇ ಇತ್ತು. ಹೊಸ ಪಟ್ಟಣವು ಅದನ್ನು ನುಂಗಿಕೊಂಡು ಒಂದು ಕೇರಿಯನ್ನಾಗಿ ಮಾಡಿಕೊಂಡಿತು. ಗ್ರೀಕರೂ ರೋಮನರೂ ಈ ಪಟ್ಟಣವನ್ನು ‘ಈಜಿಪ್ತದ ಬಳಿಯ ಅಲೆಕ್ಸಾಂಡ್ರಿಯ’ ಎಂದು ಕರೆಯುತ್ತಿದ್ದರು. ಈಜಿಪ್ತದಲ್ಲಿಯ ಅಲೆಕ್ಸಾಂಡ್ರಿಯವಲ್ಲ, ಈಜಿಪ್ತದ ಬಳಿಯ ಅಲೆಕ್ಸಾಂಡ್ರಿಯ! ನೆಲ ಈಜಿಪ್ತದ್ದು, ನೀರು ನೈಲ್ ನದಿಯದು, ಕಣಜ ತುಂಬಿದ ಧಾನ್ಯ ಈಜಿಪ್ತದ ರೈತನದು. ಆದರೆ ಪಟ್ಟಣವು ಮಾತ್ರ ಈಜಿಪ್ತದ ಹೊರಗಿನದು. ದೇಶದ ಮಕ್ಕಳೂ ಈ ಮಾತಿಗೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟರು. ಅವರು ತಮ್ಮ ನುಡಿಯಲ್ಲಿ ಆ ಪಟ್ಟಣವನ್ನು ಕೊನೆಯ ವರೆಗೂ ‘ರಕೋಟಿ’ ಎಂದೇ ಕರೆದರು. ಅರಸನು ಇಟ್ಟ ಹೆಸರನ್ನು ಅವರ ನಾಲಗೆ ಒಪ್ಪಿಕೊಳ್ಳಲಿಲ್ಲ.

ಇನ್ನು ಹಾಳುಗಳ ಕಡೆಗೆ ಬರುವೆನು. ನಾನು ಮೊದಲು ಹೋದದ್ದು ಸಮುದ್ರದ ಅಂಚಿಗೆ. ಪ್ರಾಚೀನರು ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆಂದು ಎಣಿಸಿದ ದೀಪಸ್ತಂಭವು ಫಾರೋಸ್ ದ್ವೀಪದ ತುದಿಯಲ್ಲಿ ನಿಂತಿದ್ದಿತು. ದ್ವೀಪಕ್ಕೂ ದಡಕ್ಕೂ ನಡುವೆ ಕಟ್ಟಿದ ಕಟ್ಟೆಯ ಎರಡೂ ಮಗ್ಗುಲಿಗೆ ಹೂಳು ತುಂಬಿ ತುಂಬಿ, ಈಗ ಅದು ಮನೆ ಮಸೀದೆಗಳಿಂದ ಕಿಕ್ಕಿರಿದ ನೆಲವಾಗಿರುವದು. ದ್ವೀಪಕ್ಕೆ ಹೋಗುತ್ತಿರುವೆನೆಂಬ ಅರಿವೇ ಆಗುವದಿಲ್ಲ. ದೀಪಸ್ತಂಭವು ಎರಡನೆಯ ಟಾಲೆಮಿಯ ಕಾಲದಲ್ಲಿ, ಕ್ರಿ. ಪೂ. ೨೮೦ರ ಸುಮಾರಿಗೆ ಮುಗಿಯಿತು. ನೂರು ಮೀಟರಿಗೂ ಮಿಕ್ಕಿದ ಎತ್ತರವಿತ್ತೆಂದು ಬಲ್ಲವರು ಅಂದಾಜು ಮಾಡಿರುವರು. ಹಡಗಿನವರಿಗೆ ಹಗಲಿನಲ್ಲಿ ಗುರುತಾಗಿ, ಇರುಳಿನಲ್ಲಿ ಬೆಳಕಾಗಿ ಅದು ಸಾವಿರದ ಐನೂರು ವರ್ಷಗಳ ಮೇಲೆ ನಿಂತಿತು. ಭೂಕಂಪಗಳು ಒಂದಾದ ಮೇಲೊಂದರಂತೆ ಅದನ್ನು ಅಲುಗಿಸಿದವು. ೧೩೦೩ರ ಭೂಕಂಪವು ದೊಡ್ಡ ಪೆಟ್ಟು ಕೊಟ್ಟಿತು. ಇಬ್ನ್ ಬತೂತನು ೧೩೨೬ರಲ್ಲಿ ಬಂದಾಗ ಒಂದು ಮಗ್ಗುಲು ಮಾತ್ರ ಬಿದ್ದಿತ್ತು. ೧೩೪೯ರಲ್ಲಿ ತಿರುಗಿ ಬಂದಾಗ ಬಾಗಿಲ ವರೆಗೆ ಹೋಗುವದೂ ಸಾಧ್ಯವಾಗಲಿಲ್ಲವೆಂದು ಬರೆದಿರುವನು. ಮುಂದೆ ೧೪೭೭ರಲ್ಲಿ ಸುಲ್ತಾನ ಕೈತಬೇಯು ಅದೇ ಸ್ಥಳದಲ್ಲಿ ಒಂದು ಕೋಟೆಯನ್ನು ಕಟ್ಟಿಸಲು ಪ್ರಾರಂಭಿಸಿದನು. ಆ ಕೋಟೆಯು ಇಂದಿಗೂ ಇರುವದು. ಅದರ ಗೋಡೆಗಳಲ್ಲಿ ಅಲ್ಲಲ್ಲಿ ಸೇರಿಸಿದ ಕೆಂಪು ಕಣಶಿಲೆಯ ತುಂಡುಗಳನ್ನು ನೋಡಿ, ಹಳೆಯ ಗುಡಿಯ ಕಂಬವನ್ನು ಹೊಸ ಮನೆಯ ಕಟ್ಟೆಗೆ ಹಾಕಿಕೊಂಡ ನಮ್ಮ ಊರುಗಳ ನೆನಪಾಯಿತು.

ಉಳಿದ ಕಲ್ಲುಗಳೆಲ್ಲಿ? ಕೋಟೆಯ ಕೆಳಗೆ, ಸಮುದ್ರದ ತಳದಲ್ಲಿ. ಅಲ್ಲಿ ಮೂರ್ತಿಗಳಿರುವವೆಂದು ಮೊದಲು ಹೇಳಿದವನು ಯಾವ ವಿಶ್ವವಿದ್ಯಾಲಯದ ಪಂಡಿತನೂ ಅಲ್ಲ. ಕಾಮೆಲ್ ಅಬುಲ್ ಸಾದತ್ ಎಂಬ ಆ ಪಟ್ಟಣದ ಮುಳುಗುಗಾರನು ೧೯೬೧ರ ಸುಮಾರಿಗೆ ಅವನ್ನು ಕಂಡು ಅಧಿಕಾರಿಗಳಿಗೆ ತಿಳಿಸಿದನು. ಬೆನ್ನಿಗೇ ಒಂದು ಬೃಹತ್ ಸ್ತ್ರೀಮೂರ್ತಿಯನ್ನು ನೌಕಾಸೈನ್ಯದವರು ಮೇಲೆತ್ತಿದರು. ಮೂವತ್ತು ವರ್ಷಗಳ ಮೇಲೆ ನಡೆದ ಸಂಗತಿಯು ಇನ್ನೂ ವಿಚಾರಾರ್ಹವಾದುದು. ಅಲೆಗಳ ಹೊಡೆತದಿಂದ ಕೋಟೆಗೆ ಅಪಾಯವಾಗಬಾರದೆಂದು ಭಾರಿ ಭಾರಿ ಕಾಂಕ್ರೀಟಿನ ಗಡ್ಡೆಗಳನ್ನು ಸಮುದ್ರದಲ್ಲಿ ಇಳಿಸತೊಡಗಿದರು. ಅವು ಬಿದ್ದದ್ದು ದೀಪಸ್ತಂಭದ ಅವಶೇಷಗಳ ನೆತ್ತಿಯ ಮೇಲೆ! ಐನೂರು ವರ್ಷದ ಕೋಟೆಯನ್ನು ಉಳಿಸಹೋಗಿ ಎರಡು ಸಾವಿರ ವರ್ಷದ ಕಲ್ಲನ್ನು ಜಜ್ಜುವ ಪ್ರಸಂಗವದು. ಕೂಗೆದ್ದಿತು, ಕೆಲಸ ನಿಂತಿತು. ೧೯೯೪ರಿಂದ ಜಾನ್ ಈವ್ ಆಂಪರರ್ ಎಂಬ ಫ್ರೆಂಚ್ ವಿದ್ವಾಂಸರ ನೇತೃತ್ವದಲ್ಲಿ ಈಜಿಪ್ತಿಯನ್ನರೂ ಫ್ರೆಂಚರೂ ಕೂಡಿ ನೀರಿನೊಳಗೆ ಶೋಧನೆ ನಡೆಯಿಸಿ, ಸಾವಿರಾರು ಕಲ್ಲುಗಳನ್ನು, ಕಂಬಗಳನ್ನು, ಸ್ಫಿಂಕ್ಸುಗಳನ್ನು ಗುರುತಿಸಿದರು. ೨೦೨೫ರಲ್ಲಿ ದೀಪಸ್ತಂಭದ ದ್ವಾರಕ್ಕೆ ಸೇರಿದ ಭಾರಿ ಕಲ್ಲುಗಳು ಸೇರಿ ೨೨ ಶಿಲೆಗಳನ್ನು ಮೇಲೆತ್ತಿ ಅಳೆದು ಚಿತ್ರಿಸಿಕೊಂಡರು. ನಾನು ಕೋಟೆಯ ಗೋಡೆಯ ಮೇಲೆ ನಿಂತು ಕೆಳಗೆ ನೋಡಿದಾಗ ಕಂಡದ್ದು ಹಸಿರು ನೀರು ಮತ್ತು ಗಾಳ ಹಾಕಿ ಕುಳಿತ ಕೆಲವು ಹುಡುಗರು, ಅಷ್ಟೇ.

ಅಲ್ಲಿಂದ ನಾನು ಹಳೆಯ ರಕೋಟಿಸ್ ಕೇರಿಯ ದಿಬ್ಬಕ್ಕೆ ಹೋದೆನು. ‘ಪಾಂಪೇಯ ಸ್ತಂಭ’ವೆಂಬ ಏಕಾಕಿಯಾದ ಕಂಬವು ಅಲ್ಲಿ ನಿಂತಿರುವದು. ಪಾಂಪೇಯನಿಗೂ ಅದಕ್ಕೂ ಏನೂ ಸಂಬಂಧವಿಲ್ಲ, ಅದು ಕ್ರಿ. ಶ. ೩೦೦ರ ಸುಮಾರಿಗೆ ರೋಮನ್ ಚಕ್ರವರ್ತಿ ಡಯೋಕ್ಲೀಶಿಯನನ ಗೌರವಾರ್ಥವಾಗಿ ನಿಲ್ಲಿಸಿದುದೆಂದು ಅದರ ಪೀಠದ ಶಾಸನವೇ ಹೇಳುವದು. ಒಟ್ಟು ಎತ್ತರವು ಸುಮಾರು ೨೭ ಮೀಟರು. ನಡುವಿನ ಕಂಬವು ಆಸ್ವಾನಿನ ಕೆಂಪು ಕಣಶಿಲೆಯ ಒಂದೇ ಕಲ್ಲು, ಇಪ್ಪತ್ತು ಮೀಟರಿಗೂ ಉದ್ದವಾದುದು. ಆ ಚಕ್ರವರ್ತಿಯು ದಂಗೆಯೆದ್ದ ಈ ಪಟ್ಟಣವನ್ನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಬಗ್ಗುಬಡಿದವನು. ಪೆಟ್ಟು ತಿಂದ ಪಟ್ಟಣವೇ ಹೊಡೆದವನ ಸ್ಮಾರಕವನ್ನು ಹೊತ್ತು ನಿಂತಿರುವದು.

ಆ ದಿಬ್ಬದಲ್ಲಿಯೇ ಸೆರಾಪಿಸ್ ದೇವನ ಮಹಾಲಯವಿತ್ತು. ಗ್ರೀಕರನ್ನೂ ಈಜಿಪ್ತಿಯನ್ನರನ್ನೂ ಒಂದು ಗುಡಿಯಲ್ಲಿ ಕೂಡಿಸಬೇಕೆಂದು ಟಾಲೆಮಿ ವಂಶದವರು ಬೆಳೆಯಿಸಿದ ದೇವತೆಯಿದು. ೧೯೪೦ರ ದಶಕದಲ್ಲಿ ಅಗೆದಾಗ ಗುಡಿಯ ಅಡಿಗಲ್ಲಿನ ಮೂಲೆಗಳಲ್ಲಿ ಬಂಗಾರ, ಬೆಳ್ಳಿ, ಕಂಚು, ಗಾಜು ಮುಂತಾದವುಗಳ ಚಿಕ್ಕ ಫಲಕಗಳು ಸಿಕ್ಕವು. ಮೂರನೆಯ ಟಾಲೆಮಿಯು ಈ ಗುಡಿಯನ್ನು ಕಟ್ಟಿಸಿದನೆಂದು ಅವುಗಳ ಮೇಲೆ ಗ್ರೀಕಿನಲ್ಲಿಯೂ ಈಜಿಪ್ತದ ಚಿತ್ರಲಿಪಿಯಲ್ಲಿಯೂ ಬರೆದಿರುವದು. ದೇಶಭಾಷೆಗೆ ಅರಸನು ಸ್ಥಾನ ಕೊಟ್ಟನು, ನಿಜ. ಆದರೆ ನೆಲದೊಳಗೆ ಹೂಳುವ ಫಲಕದ ಮೇಲೆ! ಆ ಗುಡಿಯು ಕ್ರಿ. ಶ. ೩೯೧ರ ಸುಮಾರಿಗೆ ಮತಕಲಹದಲ್ಲಿ ಧ್ವಂಸವಾಯಿತು.

ಅಲ್ಲಿಗೆ ಸಮೀಪದಲ್ಲಿಯೇ ‘ಕೋಮ್ ಎಲ್ ಶುಕಾಫ’, ಅಂದರೆ ಬೋಕಿಗಳ ದಿಬ್ಬ. ೧೯೦೦ರಲ್ಲಿ ಒಂದು ಕತ್ತೆಯು ನೆಲ ಕುಸಿದು ಒಳಗೆ ಬಿದ್ದದ್ದರಿಂದ ಇದು ಗೊತ್ತಾಯಿತೆಂದು ಹೇಳುವರು. ಸುತ್ತುಮೆಟ್ಟಿಲುಗಳನ್ನಿಳಿದು ಹೋದರೆ ಕಲ್ಲಿನಲ್ಲಿ ಕೊರೆದ ಮೂರು ಅಂತಸ್ತಿನ ಸಮಾಧಿಗಳು. ಮೆಟ್ಟಿಲುಗಳ ನಡುವಿನ ಬಾವಿಯಂಥ ಕಿಂಡಿಯಿಂದ ಶವಗಳನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಸತ್ತವರ ಹೆಸರಿನಲ್ಲಿ ಬಂಧುಗಳು ಊಟ ಮಾಡುವ ಕಲ್ಲಿನ ಜಗಲಿಗಳುಳ್ಳ ಕೋಣೆಯೂ ಉಂಟು. ಇದು ಕ್ರಿಸ್ತಶಕದ ಎರಡನೆಯ ಶತಮಾನದ್ದು. ಗರ್ಭಗೃಹದಂತಿರುವ ಮುಖ್ಯ ಸಮಾಧಿಯ ಬಾಗಿಲಲ್ಲಿ ನಿಂತು ನೋಡಿದರೆ ಬೆರಗಾಗುವದು. ನರಿಮುಖದ ಅನುಬಿಸ್ ದೇವನಿಗೆ ರೋಮನ್ ಸಿಪಾಯಿಯ ಕವಚ, ಗ್ರೀಕರ ಮೆಡೂಸೆಯ ತಲೆ, ಈಜಿಪ್ತದ ಸೂರ್ಯಬಿಂಬ, ಈಜಿಪ್ತದ ಭಂಗಿಯಲ್ಲಿ ನಿಂತ ದೇಹಕ್ಕೆ ರೋಮನ್ ಮುಖ. ಬದುಕಿದ್ದಾಗ ಗ್ರೀಕ್ ಮಾತಾಡಿದ, ರೋಮಿಗೆ ಕರ ಕೊಟ್ಟ ಒಬ್ಬ ಸಿರಿವಂತನು ಸಾಯುವಾಗ ಮಾತ್ರ ಈಜಿಪ್ತದ ದೇವತೆಗಳ ಕೈಗೆ ತನ್ನನ್ನು ಒಪ್ಪಿಸಿಕೊಂಡನು. ಪರಕೀಯ ಪಟ್ಟಣವು ದೇಶದ ಮಕ್ಕಳನ್ನು ಗೆದ್ದಿತೆಂದು ಹೇಳುವವರು ಈ ಸಮಾಧಿಯನ್ನೂ ನೋಡಿ ಹೇಳಬೇಕು. ಅತಿ ಕೆಳಗಿನ ಅಂತಸ್ತಿನಲ್ಲಿ ಬಹುಕಾಲದಿಂದ ನೀರು ತುಂಬಿಕೊಂಡಿತ್ತು. ಸುತ್ತಲಿನ ಅಂತರ್ಜಲವನ್ನು ತಗ್ಗಿಸುವ ದೊಡ್ಡ ಕೆಲಸವು ೨೦೧೯ರಲ್ಲಿ ಪೂರ್ತಿಯಾಯಿತು.

ಶಿಕ್ಷಕ ಬಂಧುಗಳೇ, ಈಗ ತಮಗೆ ಹತ್ತಿರವಾದ ಸ್ಥಳಕ್ಕೆ ಕರೆದೊಯ್ಯುವೆನು. ಪಟ್ಟಣದ ನಡುಮಧ್ಯದಲ್ಲಿ ‘ಕೋಮ್ ಎಲ್ ದಿಕ್ಕ’ ಎಂಬ ಇನ್ನೊಂದು ದಿಬ್ಬವುಂಟು. ೧೯೬೦ರಿಂದ ಪೋಲಂಡಿನ ವಿದ್ವಾಂಸರು ಈಜಿಪ್ತದ ಇಲಾಖೆಯೊಡನೆ ಕೂಡಿ ಅಲ್ಲಿ ಅಗೆದರು. ಮೊದಲು ಅಮೃತಶಿಲೆಯ ಆಸನಗಳ ಒಂದು ಚಿಕ್ಕ ರಂಗಮಂಟಪವು ಹೊರಬಿದ್ದಿತು. ಆಮೇಲೆ ಸ್ನಾನಗೃಹಗಳು, ಹಕ್ಕಿಗಳ ಚಿತ್ರದ ನೆಲಗಟ್ಟುಳ್ಳ ಒಂದು ಮನೆ. ಮುಂದೆ ಸಾಲಾಗಿ ಇಪ್ಪತ್ತಕ್ಕೂ ಮಿಕ್ಕಿದ ಕೋಣೆಗಳು. ಪ್ರತಿಯೊಂದು ಕೋಣೆಯಲ್ಲಿಯೂ ಗೋಡೆಯನ್ನು ಹಿಡಿದು ಕಲ್ಲಿನ ಮೆಟ್ಟಿಲಾಸನಗಳು; ತುದಿಯಲ್ಲಿ ನಡುವೆ ಎತ್ತರವಾದೊಂದು ಪೀಠ. ಇವು ಪಾಠದ ಕೋಣೆಗಳು! ಎತ್ತರದ ಪೀಠವು ಗುರುವಿನದು. ಕ್ರಿಸ್ತಶಕದ ಐದನೆಯ ಶತಮಾನದ ಕೊನೆಯಿಂದ ಏಳನೆಯ ಶತಮಾನದ ವರೆಗೆ ಇಲ್ಲಿ ಪಾಠಗಳು ನಡೆದವು. ಜಗದ್ವಿಖ್ಯಾತವಾದ ಆ ಪುಸ್ತಕಭಂಡಾರದ ಒಂದು ಗೋಡೆಯೂ ಇಂದು ಕಾಣಸಿಗದು. ಅದರ ನೆನಪಿಗಾಗಿ ೨೦೦೨ರಲ್ಲಿ ಕಡಲಂಚಿಗೆ ತೆರೆದ ಹೊಸ ಗ್ರಂಥಾಲಯವೇ ಈಗ ಇರುವದು. ಅರಸನ ಅರಮನೆ, ಸಮಾಧಿಗಳೆಲ್ಲ ಹೋಗಿಯೂ ಉಪಾಧ್ಯಾಯನ ಪೀಠವು ಉಳಿದಿರುವದು. ನಾನು ಹೋದ ದಿನ ಒಬ್ಬ ಶಿಕ್ಷಕನು ಇಪ್ಪತ್ತು ಮೂವತ್ತು ಹುಡುಗರನ್ನು ಕರೆತಂದು ಆ ಕಲ್ಲುಗಳ ಮೇಲೆ ಕುಳ್ಳಿರಿಸಿ ಅರಬ್ಬಿಯಲ್ಲಿ ಏನನ್ನೋ ವಿವರಿಸುತ್ತಿದ್ದನು. ಮಾತು ತಿಳಿಯದಿದ್ದರೂ ನೋಟವು ತಿಳಿಯಿತು. ಹಿಂದಿನ ಸಾಲಿನ ಹುಡುಗನೊಬ್ಬನು ಪಕ್ಕದವನನ್ನು ಚಿವುಟುತ್ತಿದ್ದನು. ಆ ಕಾಲದಲ್ಲಿಯೂ ಹಾಗೆಯೇ ಇದ್ದಿರಬೇಕು.

ಆದರೆ ಆ ಪೀಠದ ಮೇಲೆ ಕುಳಿತವರು ಯಾವ ಭಾಷೆಯಲ್ಲಿ ಪಾಠ ಹೇಳಿದರು? ಗ್ರೀಕಿನಲ್ಲಿ. ಗ್ರೀಕ್ ವಿದ್ಯೆಯ ಹಿರಿಮೆಯನ್ನು ನಾನು ಕಡಿಮೆ ಮಾಡಿ ಹೇಳುವವನಲ್ಲ. ಯೂಕ್ಲಿಡನು ರೇಖಾಗಣಿತವನ್ನು ರಚಿಸಿದ್ದು ಇದೇ ಪಟ್ಟಣದಲ್ಲಿ. ಎರಟೊಸ್ತೆನೀಸನು ನೆರಳನ್ನಳೆದು ಭೂಮಿಯ ಸುತ್ತಳತೆಯನ್ನು ಗಣಿಸಿದ್ದೂ ಇಲ್ಲಿಯೇ. ನಾನು ಕೇಳುವದಿಷ್ಟೇ: ನೈಲ್ ತೀರದ ರೈತನ ಮಗನಿಗೆ ಆ ಬಾಗಿಲು ತೆರೆದಿತ್ತೇ? ತನ್ನ ತಾಯ್ನುಡಿಯನ್ನು ಹೊಸ್ತಿಲಲ್ಲಿ ಕಳಚಿಟ್ಟು ಹೋದವನಿಗೆ ಮಾತ್ರ ತೆರೆದಿತ್ತು. ಟಾಲೆಮಿ ವಂಶದಲ್ಲಿ ಪ್ರಜೆಗಳ ಭಾಷೆಯನ್ನು ಕಲಿತವರು ಎಷ್ಟು ಜನರು? ಪ್ಲುಟಾರ್ಕನು ಹೇಳುವಂತೆ, ಅವಳ ಹಿಂದಿನ ಅರಸರು ಕಲಿಯುವ ಶ್ರಮವನ್ನೇ ಪಡದ ಆ ಭಾಷೆಯನ್ನು ಕಲಿತವಳು ಆ ವಂಶದ ಕೊನೆಯ ರಾಣಿ ಕ್ಲಿಯೋಪಾತ್ರೆ. ಮುನ್ನೂರು ವರ್ಷ ಆಳಿ, ರಾಜ್ಯವು ಕೈಬಿಡುವ ಹೊತ್ತಿಗೆ ಒಬ್ಬಳು ಪ್ರಜೆಗಳ ಮಾತನ್ನಾಡಿದಳು!

ಆ ಭಾಷೆಗೆ ಮುಂದೇನಾಯಿತು? ಚಿತ್ರಲಿಪಿಯನ್ನು ಓದಬಲ್ಲವರು ಒಬ್ಬೊಬ್ಬರಾಗಿ ತೀರಿಹೋದರು. ಸಾವಿರಾರು ಗೋಡೆಗಳ ಮೇಲೆ ಬರೆದುದೆಲ್ಲ ಮೂಕವಾಯಿತು. ನುಡಿಯು ಮಾತ್ರ ಸಾಯಲಿಲ್ಲ. ಹಳ್ಳಿಗಳ ಕ್ರಿಸ್ತೀಯರು ಗ್ರೀಕ್ ಅಕ್ಷರಗಳಿಗೆ ತಮ್ಮವೇ ಕೆಲವನ್ನು ಕೂಡಿಸಿಕೊಂಡು ಅದನ್ನು ಬರೆದರು; ಅದಕ್ಕೆ ಕಾಪ್ಟಿಕ್ ಎಂದು ಹೆಸರಾಯಿತು. ಏಳನೆಯ ಶತಮಾನದಲ್ಲಿ ಅರಬರು ಬಂದ ಮೇಲೆ ಮನೆಮಾತಿನ ಸ್ಥಾನವನ್ನು ಅರಬ್ಬಿಯು ಕ್ರಮವಾಗಿ ಪಡೆಯಿತು. ಆದರೂ ಕಾಪ್ಟಿಕ್ ಇಗರ್ಜಿಗಳ ಪ್ರಾರ್ಥನೆಯಲ್ಲಿ ಅದು ಇಂದಿಗೂ ಕೇಳಿಬರುವದು. ಅಲೆಕ್ಸಾಂಡ್ರಿಯದ ಪೂರ್ವಕ್ಕೆ ರಶೀದ್ ಎಂಬ ಊರಿನಲ್ಲಿ ೧೭೯೯ರಲ್ಲಿ ಫ್ರೆಂಚ್ ಸೈನಿಕರಿಗೆ ಒಂದು ಕಲ್ಲು ಸಿಕ್ಕಿತು. ಕ್ರಿ. ಪೂ. ೧೯೬ರ ಒಂದೇ ಶಾಸನವು ಅದರ ಮೇಲೆ ಮೂರು ಲಿಪಿಗಳಲ್ಲಿರುವದು: ಚಿತ್ರಲಿಪಿ, ಜನಬಳಕೆಯ ಲಿಪಿ, ಗ್ರೀಕ್. ೧೮೨೨ರಲ್ಲಿ ಶಾಂಪೋಲಿಯೋನನು ಚಿತ್ರಲಿಪಿಯ ಬೀಗವನ್ನು ತೆರೆದನು. ಗ್ರೀಕ್ ಪಾಠವು ಅವನಿಗೆ ಅರ್ಥವನ್ನು ಕೊಟ್ಟಿತು. ಆದರೆ ಉಚ್ಚಾರವನ್ನೂ ವ್ಯಾಕರಣವನ್ನೂ ಕೊಟ್ಟದ್ದು ಅವನು ಕಷ್ಟಪಟ್ಟು ಕಲಿತಿದ್ದ ಕಾಪ್ಟಿಕ್. ಅರಸರ ಆಸ್ಥಾನವು ಕೈಬಿಟ್ಟ ನುಡಿಯನ್ನು ಹೆಸರಿಲ್ಲದ ಭಕ್ತರು ಪ್ರಾರ್ಥನೆಯಲ್ಲಿ ಕಾಪಾಡಿಕೊಂಡು ಬಂದದ್ದರಿಂದ, ಮೂರು ಸಾವಿರ ವರ್ಷದ ಇತಿಹಾಸವು ತಿರುಗಿ ಬಾಯಿಬಿಟ್ಟಿತು. ನನ್ನ ಪ್ರವಾಸದಲ್ಲಿ ನನಗೆ ದೊರೆತ ದೊಡ್ಡ ಪಾಠವಿದು.

ನಮಗೂ ಆ ಪಟ್ಟಣಕ್ಕೂ ಏನಾದರೂ ಸಂಬಂಧವುಂಟೇ ಎಂದು ತಾವು ಕೇಳಬಹುದು. ಉಂಟು. ಕ್ರಿ. ಶ. ಎರಡನೆಯ ಶತಮಾನದಲ್ಲಿ ಭೂಗೋಳವನ್ನು ಬರೆದ ಟಾಲೆಮಿಯು (ಇವನು ರಾಜವಂಶದವನಲ್ಲ) ಅಲೆಕ್ಸಾಂಡ್ರಿಯದವನು. ಅವನ ಗ್ರಂಥದಲ್ಲಿ ನಮ್ಮ ಬನವಾಸಿಯ ಹೆಸರುಂಟು. ಬಾದಾಮಿಯನ್ನೂ ವಿದ್ವಾಂಸರು ಗುರುತಿಸುವರು. ಪಶ್ಚಿಮ ಕರಾವಳಿಯ ಮೆಣಸು ಕೆಂಪು ಸಮುದ್ರವನ್ನು ದಾಟಿ, ಒಂಟೆಯ ಮೇಲೆ ಮರಳುಗಾಡನ್ನು ಕಳೆದು, ನೈಲ್ ನದಿಯಲ್ಲಿಳಿದು ಈ ರೇವಿಗೇ ಬರುತ್ತಿತ್ತು. ಇಲ್ಲಿಯ ಸರಕಾರವು ಅದರ ಮೇಲೆ ನಾಲ್ಕರಲ್ಲೊಂದು ಪಾಲು ಸುಂಕವನ್ನು ಎತ್ತುತ್ತಿತ್ತು. ಆ ವ್ಯಾಪಾರದ ಕಾಲದ ರೋಮನ್ ಬೆಳ್ಳಿಯ ನಾಣ್ಯಗಳು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಸಿಕ್ಕಿರುವವು. ಇನ್ನು ಈಜಿಪ್ತದ ಒಳನಾಡಿನ ಆಕ್ಸಿರಿಂಕಸಿನಲ್ಲಿ ದೊರೆತು ೧೯೦೩ರಲ್ಲಿ ಅಚ್ಚಾದ ಪಪೈರಸ್ಸಿನ ಗ್ರೀಕ್ ಪ್ರಹಸನವನ್ನು ತಾವು ಕೇಳಿರಬಹುದು. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಗ್ರೀಕ್ ಹೆಂಗಸನ್ನು ಅವಳ ಕಡೆಯವರು ಇಲ್ಲಿಯ ಅರಸನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆಯದು. ಅರಸನೂ ಅವನ ಪರಿವಾರದವರೂ ಆಡುವ ಮಾತು ಗ್ರೀಕಲ್ಲ. ಅದು ಕನ್ನಡವೆಂದು ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ೧೯೦೪ರಲ್ಲಿ ಸೂಚಿಸಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ವಿಚಾರವನ್ನು ಮುಂದುವರಿಸಿದರು. ತುಳುವೆಂದವರುಂಟು, ಬರಿಯ ನಗೆಯ ಶಬ್ದಗಳೆಂದವರೂ ಉಂಟು. ವಾದವು ತೀರಿಲ್ಲ; ತೀರದುದನ್ನು ತೀರಿತೆಂದು ಹೇಳಿ ಹಿಗ್ಗುವದು ಅಭಿಮಾನವಲ್ಲ. ಅದು ಕನ್ನಡವೇ ಆಗಿದ್ದ ಪಕ್ಷದಲ್ಲಿಯೂ ಒಂದು ಮಾತನ್ನು ಮರೆಯಬಾರದು. ಅಲ್ಲಿ ಆ ನುಡಿಯು ಬಂದದ್ದು ಗ್ರೀಕ್ ಪ್ರೇಕ್ಷಕರನ್ನು ನಗಿಸಲು. ಪರರ ಪುಸ್ತಕದಲ್ಲಿ ನಮ್ಮ ನುಡಿಗೆ ಸಿಕ್ಕುವ ಸ್ಥಾನ ಅಂಥದು. ಗೌರವದ ಸ್ಥಾನವನ್ನು ನಾವೇ ಕೊಡಬೇಕು.

ಅಲೆಕ್ಸಾಂಡ್ರಿಯವು ತನ್ನದನ್ನು ಬಹಳ ಕಳಕೊಂಡ ಪಟ್ಟಣ. ರಶೀದಿನ ಕಲ್ಲನ್ನು ೧೮೦೧ರ ಕರಾರಿನಂತೆ ಇಂಗ್ಲಿಷರು ಫ್ರೆಂಚರಿಂದ ಪಡೆದು ಲಂಡನ್ನಿಗೆ ಒಯ್ದರು. ಎರಡು ಪರಕೀಯರ ನಡುವಿನ ಆ ಕರಾರಿನಲ್ಲಿ ಈಜಿಪ್ತಿಯನ್ನನನ್ನು ಕೇಳುವವರಾರು? ಸಮುದ್ರತೀರದಲ್ಲಿದ್ದ ಎರಡು ಏಕಶಿಲಾಸ್ತಂಭಗಳಲ್ಲಿ ಒಂದು ೧೮೭೮ರಲ್ಲಿ ಲಂಡನ್ನನ್ನೂ, ಇನ್ನೊಂದು ೧೮೮೦ರಲ್ಲಿ ನ್ಯೂಯಾರ್ಕನ್ನೂ ಸೇರಿತು. ೧೮೮೨ರ ಜುಲೈ ೧೧ರಂದು ಇಂಗ್ಲಿಷ್ ನೌಕಾಪಡೆಯು ಈ ಪಟ್ಟಣದ ಮೇಲೆ ಗುಂಡಿನ ಮಳೆಗರೆಯಿತು. ಕೈತಬೇಯ ಕೋಟೆಯೂ ಮುರಿಯಿತು. ಅಂದು ಪ್ರಾರಂಭವಾದ ಪರಕೀಯ ಸೈನ್ಯದ ವಾಸವು ಮುಗಿದದ್ದು ೧೯೫೬ರ ಜೂನಿನಲ್ಲಿ. ಅದೇ ವರ್ಷ ಜುಲೈ ೨೬ರಂದು ಇದೇ ಪಟ್ಟಣದ ಚೌಕದಲ್ಲಿ ನಿಂತು ನಾಸೆರರು ಸುಯೆಜ್ ಕಾಲುವೆಯು ರಾಷ್ಟ್ರದ್ದೆಂದು ಸಾರಿದರು. ಅವರು ಜನರಾಡುವ ಅರಬ್ಬಿಯಲ್ಲಿ ಮಾತಾಡಿದರು. ಸಾವಿರಾರು ಜನರು ಕೇಳಿದರು. ಆ ವರ್ಷವೇ ನವೆಂಬರ್ ೧ರಂದು ಹರಿದು ಹಂಚಿಹೋಗಿದ್ದ ನಮ್ಮ ಕನ್ನಡನಾಡೂ ಒಂದಾಯಿತೆಂಬುದನ್ನು ಆ ಚೌಕದಲ್ಲಿ ನಿಂತಾಗ ನಾನು ನೆನೆದೆನು.

ಪ್ರಾರಂಭದಲ್ಲಿ ಕೇಳಿದ ಪ್ರಶ್ನೆಗೆ ನನಗೆ ತೋರಿದ ಉತ್ತರವನ್ನು ಹೇಳಿ ಮುಗಿಸುವೆನು. ಪಟ್ಟಣವು ಅದರ ನುಡಿಯನ್ನಾಡುತ್ತ, ಅದರ ಕಲ್ಲುಗಳನ್ನು ಓದುತ್ತ ಬಾಳುವ ಜನರದು. ನಾಡು ಒಂದಾದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ನಮ್ಮ ಊರೂರಿಗೆ ಶಾಸನಗಳುಂಟು. ಎಷ್ಟೋ ಕಡೆಗೆ ಅವು ಬಟ್ಟೆ ಒಗೆಯುವ ಕಲ್ಲಾಗಿಯೋ, ದನ ಕಟ್ಟುವ ಗೂಟವಾಗಿಯೋ ಇರುವವು. ಈಜಿಪ್ತದ ಹುಡುಗನಿಗೆ ತನ್ನ ಪೂರ್ವಜರ ಬರೆಹವನ್ನು ಓದಲು ಶಾಂಪೋಲಿಯೋನನು ಬೇಕಾದನು. ನಮ್ಮ ಹುಡುಗನಿಗೆ ಹಳಗನ್ನಡದ ಅಕ್ಷರಗಳನ್ನು ಬಲ್ಲ ಒಬ್ಬ ಶಿಕ್ಷಕನು ಸಾಕು. ಆದಕಾರಣ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೇ: ವರ್ಷಕ್ಕೊಂದು ದಿವಸ ಮಕ್ಕಳನ್ನು ತಮ್ಮ ಊರಿನ ಶಾಸನದ ಬಳಿಗೆ ಕರೆದೊಯ್ಯಿರಿ. ಮಣ್ಣು ತೊಳೆದು, ಒಂದು ಸಾಲನ್ನಾದರೂ ಅವರ ಬಾಯಿಂದ ಓದಿಸಿರಿ. ಹಿಂದಿನ ಸಾಲಿನವನು ಪಕ್ಕದವನನ್ನು ಚಿವುಟಿದರೆ ಚಿವುಟಲಿ.